ಎಲೆಯ ನರ ನೋಡಿ ಎಣ್ಣೆ ಹೇಳಿದವರು

ದಿ ಪಾಂಡ್ಸ್‌ಗೆ ಬಂದ ಹೊಸದರಲ್ಲಿ ಇಲ್ಲಿನ ಮರಗಳನ್ನು ನೋಡಿ ಅರೆ, ನಮ್ಮೂರ ನೀಲಗಿರಿ ಅಂದುಕೊಂಡಿದ್ದೆವು. ಪೂರ್ತಿ ತಪ್ಪೇನಲ್ಲ. ಪಶ್ಚಿಮ ಸಿಡ್ನಿ ಬಯಲಿನ ಫಾರೆಸ್ಟ್ ರೆಡ್ ಗಮ್ ಜಾತಿಯೇ ನಂದಿ ಬೆಟ್ಟದಿಂದ ಹರಡಿ ಮೈಸೂರು ಗಮ್ ಅನ್ನಿಸಿಕೊಂಡಿದ್ದು. ಆದ್ರೆ ನೆಗಡಿಗೆ ಅಮ್ಮ ಬಿಸಿನೀರಿಗೆ ಹಾಕೋ ಎಣ್ಣೆ ಎಲ್ಲ ನೀಲಗಿರಿಯಲ್ಲೂ ಒಂದೇ ಥರ ಇರಲ್ಲ. ಇದನ್ನು ಲ್ಯಾಬಿನಲ್ಲಿ ಒಂದೊಂದೇ ಜಾತಿ ಹಿಡಿದು ತೋರಿಸಿದವರು ಹೆನ್ರಿ ಜಾರ್ಜ್ ಸ್ಮಿತ್.

ಹುಟ್ಟಿದ್ದು 1852ರಲ್ಲಿ, ಇಂಗ್ಲೆಂಡಿನ ಕೆಂಟ್‌ನಲ್ಲಿ. ಆರೋಗ್ಯ ಸರಿಯಿಲ್ಲದೆ 1883ರಲ್ಲಿ ಸಿಡ್ನಿಗೆ ಬಂದರು. ಮರುವರ್ಷ ಇಲ್ಲಿನ ಟೆಕ್ನಾಲಾಜಿಕಲ್ ಮ್ಯೂಸಿಯಂ ಸೇರಿ, ಕೆಲಸ ಮಾಡುತ್ತಲೇ ರಸಾಯನಶಾಸ್ತ್ರ ಕಲಿತರು. ಎಂಜಿನಿಯರಿಂಗ್ ಮುಗಿಸಿ ದಾರಿ ಬದಲಿಸಿದ ನಮ್ಮಂಥವರಿಗೆ ಇದನ್ನು ಓದಿ ಸ್ವಲ್ಪ ಸಮಾಧಾನ ಆಯ್ತು.

ಅಷ್ಟೊತ್ತಿಗಾಗಲೇ ಮೆಲ್ಬರ್ನಿನಲ್ಲಿ ಜೋಸೆಫ್ ಬೊಸಿಸ್ಟೊ ಎಣ್ಣೆ ಇಳಿಸಿ ಮಾರುತ್ತಿದ್ದರು. ಔಷಧಿಗೆ ಬೇಕಾದದ್ದು ಸಿನಿಯೋಲ್. ಕೆಲವು ಮರಗಳ ಎಣ್ಣೆಯಲ್ಲಿ ಅದು ಕಡಿಮೆ, ಫೆಲಾಂಡ್ರೀನ್ ಜಾಸ್ತಿ. ಮೂಸಿ ನೋಡಿ ನಂಬೋ ಹಾಗಿಲ್ಲ. ಮ್ಯೂಸಿಯಂನ ಸಸ್ಯಶಾಸ್ತ್ರಜ್ಞ ರಿಚರ್ಡ್ ಬೇಕರ್ ಮರ ಗುರುತಿಸಿ ಕೊಡೋರು. ಸ್ಮಿತ್ ಅದರ ಎಲೆಯನ್ನು ಹಬೆಯಲ್ಲಿ ಬಟ್ಟಿ ಇಳಿಸಿ ಸಾಂದ್ರತೆ, ಕುದಿಬಿಂದು, ಬೆಳಕನ್ನು ತಿರುಗಿಸುವ ಕೋನ ಎಲ್ಲ ಅಳೆಯೋರು. ಸೋಡಿಯಂ ನೈಟ್ರೈಟ್, ಅಸಿಟಿಕ್ ಆಮ್ಲ ಬೆರೆಸಿದಾಗ ಹರಳುಗಟ್ಟಿದರೆ ಫೆಲಾಂಡ್ರೀನ್ ಇದೆ ಅಂತ ಲೆಕ್ಕ. ಈಗ ನಾವು ಗ್ಯಾಸ್ ಕ್ರೊಮಟೋಗ್ರಾಫ್‌ಗೆ ಒಂದು ಹನಿ ಕೊಟ್ಟು ಟೀ ಕುಡಿಯೋಕೆ ಹೋಗ್ತೀವಿ!

ನಮಗೆ ತುಂಬ ಹಿಡಿಸಿದ್ದು ಅವರಿಬ್ಬರ ಎಲೆ ನರಗಳ ಲೆಕ್ಕಾಚಾರ. ಹಕ್ಕಿ ಗರಿಯಂತೆ ಒತ್ತೊತ್ತಾಗಿ ನರ ಹರಡಿದ್ದರೆ ಎಣ್ಣೆಯಲ್ಲಿ ಪೈನೀನ್ ಹೆಚ್ಚು. ನರಗಳು ವಿರಳವಾಗಿ, ಓರೆಯಾಗಿ, ಉದ್ದಕ್ಕೆ ಸಾಗಿದ್ದರೆ ಫೆಲಾಂಡ್ರೀನ್, ಜೊತೆಗೆ ಪೆಪ್ಪರ್‌ಮಿಂಟ್ ವಾಸನೆ. ಆ ವಾಸನೆಯ ವಸ್ತುವಿಗೆ ಪೈಪೆರಿಟೋನ್ ಅಂತ ಹೆಸರಿಟ್ಟವರೂ ಸ್ಮಿತ್‌ರೇ. 1902ರಲ್ಲಿ ನೂರಕ್ಕೂ ಹೆಚ್ಚು ಜಾತಿಗಳ ಎಣ್ಣೆಯ ಲೆಕ್ಕ ಪುಸ್ತಕವಾಗಿ ಬಂತು. 1920ರಲ್ಲಿ ಕಿರಿಯ ಸಹೋದ್ಯೋಗಿ ಆರ್ಥರ್ ಪೆನ್‌ಫೋಲ್ಡ್ ಜೊತೆ ಸೇರಿ, ನೀಲಗಿರಿ ಎಣ್ಣೆಯಿಂದ ಥೈಮಾಲ್, ಮೆಂಥಾಲ್ ಮಾಡೋ ಬಗೆಯನ್ನೂ ಪ್ರಕಟಿಸಿದರು.

ಒಂದು ಜಾತಿ ಅಂದ್ರೆ ಒಂದೇ ಥರದ ಎಣ್ಣೆ, ಅದು ಎಲ್ಲಿ ಬೆಳೆದರೂ ಹೆಚ್ಚು ಬದಲಾಗಲ್ಲ ಅನ್ನೋದು ಸ್ಮಿತ್‌ರ ಗಟ್ಟಿ ನಂಬಿಕೆ. ಜಾತಿ ಗುರುತಿಸೋಕೇ ಎಣ್ಣೆಯನ್ನು ಆಧಾರ ಮಾಡಿಕೊಂಡಿದ್ದರು. 1924ರಲ್ಲಿ ತೀರಿಕೊಂಡರು. ಮೂರು ವರ್ಷದೊಳಗೆ ಆ ನಂಬಿಕೆಯನ್ನು ಮುರಿದದ್ದು ಅದೇ ಪೆನ್‌ಫೋಲ್ಡ್ ಮತ್ತು ಜೊತೆಗಾರ ಮಾರಿಸನ್. ಯೂಕಲಿಪ್ಟಸ್ ಡೈವ್ಸ್ ಜಾತಿಯ ಮರಗಳು ನೋಡೋಕೆ ಒಂದೇ. ಬಟ್ಟಿ ಇಳಿಸಿದರೆ ಒಂದರಲ್ಲಿ ಪೈಪೆರಿಟೋನ್, ಇನ್ನೊಂದರಲ್ಲಿ ಸಿನಿಯೋಲ್. ಬೇರೆ ಹೆಸರು ಕೊಡೋಕಾಗದೆ ಎ, ಬಿ, ಸಿ ಅಂತ ಅಕ್ಷರ ಹಚ್ಚಿದರು. ಔಷಧಿಗೆ ಬೇಕಾದ ಸಿನಿಯೋಲ್ ತುಂಬಿದ್ದು ಸಿ ಬಗೆಯಲ್ಲಿ.