ಕೆಟ್ಟ ರೀಡಿಂಗ್ ಅಳಿಸದ ಮನುಷ್ಯ

ಗಾಂಧೀಜಿ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ನೋಟಿನ ಮೇಲಿನ ಮುಖ, ಅಕ್ಟೋಬರ್ 2ರ ರಜೆ, ಶಾಲೆಯ ಭಾಷಣ ಸ್ಪರ್ಧೆ. ಅಷ್ಟೇ. ಆದರೆ ಅವರು ತಮ್ಮ ಆತ್ಮಕಥೆಯನ್ನು ಕರೆದಿದ್ದು ಸತ್ಯದ ಪ್ರಯೋಗಗಳು ಅಂತ. ಪ್ರಯೋಗ ಅನ್ನೋ ಪದ ಎಂಜಿನಿಯರಿಂಗ್ ಓದೋ ನಮಗೆ ಹೊಸದಲ್ಲ. ಲ್ಯಾಬ್‌ನಲ್ಲಿ ಕಾಡುವ ಆಸೆಯೂ ಹೊಸದಲ್ಲ. ಐದು ರೀಡಿಂಗ್‌ನಲ್ಲಿ ನಾಲ್ಕು ಗ್ರಾಫ್‌ನ ಗೆರೆ ಮೇಲೆ ಕೂತು, ಒಂದು ಮಾತ್ರ ದೂರ ಹೋದರೆ, ಅದನ್ನು ಸ್ವಲ್ಪ ತಿದ್ದಿಬಿಡೋಣ ಅಂತ ಯಾರಿಗಾದರೂ ಅನಿಸುತ್ತೆ. ಗಾಂಧೀಜಿಯ ಜೀವನವನ್ನು ನಾವು ಈ ಕಡೆಯಿಂದ ಒಮ್ಮೆ ನೋಡೋಣ.

ಮೋಹನದಾಸ್ ಹುಟ್ಟಿದ್ದು 1869ರಲ್ಲಿ, ಪೋರಬಂದರಿನಲ್ಲಿ. ಓದಿದ್ದು ರಾಜಕೋಟೆಯಲ್ಲಿ. ಹೈಸ್ಕೂಲಿಗೆ ಸೇರಿದ ಮೊದಲ ವರ್ಷ ಇನ್‌ಸ್ಪೆಕ್ಟರ್ ಬಂದು ಐದು ಇಂಗ್ಲಿಷ್ ಪದ ಬರೆಸಿದರು. ಅದರಲ್ಲಿ ಕೆಟಲ್ ಅನ್ನೋ ಪದದ ಸ್ಪೆಲ್ಲಿಂಗ್ ಹುಡುಗನಿಗೆ ತಪ್ಪಿತು. ಪಕ್ಕದವನ ಸ್ಲೇಟ್ ನೋಡಿ ತಿದ್ದಿಕೋ ಅಂತ ಮೇಷ್ಟ್ರೇ ಬೂಟಿನ ತುದಿಯಿಂದ ಸನ್ನೆ ಮಾಡಿದರು. ಹುಡುಗನಿಗೆ ಅದು ಅರ್ಥವೇ ಆಗಲಿಲ್ಲ. ಮೇಷ್ಟ್ರು ಇರೋದೇ ಕಾಪಿ ತಡೆಯೋಕೆ ಅಂತ ಅವನು ನಂಬಿದ್ದ. ಕ್ಲಾಸಿನಲ್ಲಿ ಎಲ್ಲರದ್ದೂ ಸರಿ, ಇವನದೊಂದು ತಪ್ಪು. ಹಾಗಂತ ಆ ಮೇಷ್ಟ್ರ ಮೇಲಿನ ಗೌರವವನ್ನೂ ಅವನು ಕಡಿಮೆ ಮಾಡಿಕೊಳ್ಳಲಿಲ್ಲ.

ಇಷ್ಟೇ ಆಗಿದ್ರೆ ಇದೊಂದು ಒಳ್ಳೇ ಹುಡುಗನ ಕಥೆ ಆಗ್ತಿತ್ತು. ಆದರೆ ಹದಿನೈದನೇ ವಯಸ್ಸಿಗೆ ಇದೇ ಹುಡುಗ ಕಳ್ಳತನ ಮಾಡಿದ. ಅವನ ಅಣ್ಣ ಸುಮಾರು 25 ರೂಪಾಯಿ ಸಾಲ ಮಾಡಿಕೊಂಡಿದ್ದ. ಅಣ್ಣನ ತೋಳಿನಲ್ಲಿ ಗಟ್ಟಿ ಚಿನ್ನದ ಕಡಗ ಇತ್ತು. ಅದರಿಂದ ಒಂದು ಚೂರು ಕತ್ತರಿಸಿ ಸಾಲ ತೀರಿಸಿದರು. ಯಾರಿಗೂ ಗೊತ್ತಾಗಲಿಲ್ಲ. ಆದರೆ ಮೋಹನನಿಗೆ ಅದನ್ನು ಒಳಗಿಟ್ಟುಕೊಂಡು ಇರೋಕೆ ಆಗಲಿಲ್ಲ. ಬಾಯಿಬಿಟ್ಟು ಹೇಳೋ ಧೈರ್ಯವೂ ಇರಲಿಲ್ಲ. ಕೊನೆಗೆ ನಡೆದದ್ದನ್ನೆಲ್ಲ ಚೀಟಿಯಲ್ಲಿ ಬರೆದ. ಶಿಕ್ಷೆ ಕೊಡಿ ಅಂತಲೂ, ಇನ್ನು ಕದಿಯೋದಿಲ್ಲ ಅಂತಲೂ ಬರೆದು ನಡುಗುವ ಕೈಯಿಂದ ಅಪ್ಪನಿಗೆ ಕೊಟ್ಟ.

ಅಪ್ಪ ಕರಮಚಂದ್ ಗಾಂಧಿ ಆಗ ಕಾಯಿಲೆಯಿಂದ ಹಲಗೆ ಮಂಚದ ಮೇಲೆ ಮಲಗಿದ್ದರು. ಎದ್ದು ಕೂತು ಓದಿದರು. ಕಣ್ಣೀರು ಇಳಿದು ಕಾಗದ ಒದ್ದೆಯಾಯಿತು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ದರು, ಆಮೇಲೆ ಕಾಗದ ಹರಿದುಹಾಕಿ ಮತ್ತೆ ಮಲಗಿದರು. ಬೈಗುಳ ಇಲ್ಲ, ಹೊಡೆತ ಇಲ್ಲ. ಅವರು ಸಿಟ್ಟಿನ ಮನುಷ್ಯ. ಹಣೆ ಚಚ್ಚಿಕೊಳ್ಳಬಹುದು ಅಂತ ಹುಡುಗ ಹೆದರಿದ್ದ. ಮುಂದೆ ಅಹಿಂಸೆ ಅನ್ನೋದಕ್ಕೆ ತನಗೆ ಸಿಕ್ಕ ಪಾಠ ಇದು ಅಂತ ಗಾಂಧೀಜಿ ಬರೆದುಕೊಂಡರು. ಅವರಿಗೆ ಕ್ಷಮೆ ಪುಸ್ತಕದಿಂದ ಬರಲಿಲ್ಲ. ತಪ್ಪು ಮಾಡಿದವನಾಗಿ ನಿಂತಾಗ ಇನ್ನೊಬ್ಬರಿಂದ ಸಿಕ್ಕಿತು.

ಲಂಡನ್‌ನಲ್ಲಿ ಬ್ಯಾರಿಸ್ಟರ್ ಓದು ಮುಗಿಸಿ, 1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದರು. ಅಲ್ಲಿನ ಒಂದು ಕೇಸು ಲೆಕ್ಕ ಮಾಡೋ ನಮಗೆ ಚೆನ್ನಾಗಿ ಅರ್ಥ ಆಗುತ್ತೆ. ವ್ಯಾಪಾರದ ಲೆಕ್ಕದ ಜಗಳವೊಂದರಲ್ಲಿ ಮಧ್ಯಸ್ಥಗಾರರ ತೀರ್ಪು ಗಾಂಧೀಜಿಯ ಕಕ್ಷಿಗಾರನ ಪರವಾಗಿ ಬಂತು. ಆದರೆ ಅದರೊಳಗೆ ಜಮಾ-ಖರ್ಚಿನ ಲೆಕ್ಕದಲ್ಲಿ ಒಂದು ತಪ್ಪಿತ್ತು. ಎದುರಾಳಿ ತಕರಾರು ತೆಗೆದಿದ್ದು ಬೇರೆ ಕಾರಣಗಳಿಗೆ. ನಮಗೆ ನಷ್ಟ ಆಗೋದನ್ನು ನಾವೇ ಯಾಕೆ ಹೇಳಬೇಕು ಅನ್ನೋದು ಸೀನಿಯರ್ ವಕೀಲರ ವಾದ. ಹೇಳಲೇಬೇಕು ಅನ್ನೋದು ಗಾಂಧೀಜಿಯ ಹಟ. ಕಕ್ಷಿಗಾರ ಒಪ್ಪಿದ. ಸೀನಿಯರ್ ವಾದ ಮಾಡೋಕೆ ಒಲ್ಲೆ ಅಂದರು, ಗಾಂಧೀಜಿಯೇ ನಿಂತರು. ಮೊದಲು ನ್ಯಾಯಾಧೀಶರೇ ಇದೇನೋ ಚಾಲಾಕಿ ಅಂತ ಅನುಮಾನಪಟ್ಟರು. ಪೂರ್ತಿ ಕೇಳಿದ ಮೇಲೆ ಅದು ಬರೀ ಕೈತಪ್ಪು ಅಂತ ಒಪ್ಪಿದರು. ತೀರ್ಪು ರದ್ದಾಗಲಿಲ್ಲ. ಆದರೆ ಕೋರ್ಟಿಗೆ ಕಾಲಿಡುವಾಗ ಇದು ಅವರಿಗೆ ಗೊತ್ತಿರಲಿಲ್ಲ ಅನ್ನೋದನ್ನು ನಾವು ಮರೀಬಾರದು. ಸೋಲುವ ಸಾಧ್ಯತೆ ನಿಜವಾಗಿಯೂ ಇತ್ತು.

1908ರ ಫೆಬ್ರವರಿ 10. ಸರ್ಕಾರದ ಜೊತೆ ಮಾಡಿಕೊಂಡ ರಾಜಿಯಂತೆ ಹೆಸರು ನೋಂದಾಯಿಸೋಕೆ ಗಾಂಧೀಜಿ ಜೊಹಾನ್ಸ್‌ಬರ್ಗ್‌ನ ರಸ್ತೆಯಲ್ಲಿ ಹೋಗ್ತಿದ್ದರು. ಇದು ಜನರಿಗೆ ಮಾಡಿದ ಮೋಸ ಅಂತ ನಂಬಿದ್ದ ಮೀರ್ ಆಲಂ, ಅವರದೇ ಹಳೇ ಕಕ್ಷಿಗಾರ, ಪ್ರಜ್ಞೆ ತಪ್ಪುವ ಹಾಗೆ ಹೊಡೆದ. ಎಚ್ಚರ ಬಂದಾಗ ಗಾಂಧೀಜಿ ಕೇಳಿದ್ದು ಮೀರ್ ಆಲಂ ಎಲ್ಲಿ ಅಂತ. ಅವನ ಮೇಲೆ ಕೇಸು ಬೇಡ ಅಂದರು. ಅದೇ ವರ್ಷ ಆಗಸ್ಟ್‌ನಲ್ಲಿ, ಸರ್ಕಾರ ಮಾತು ಮುರಿದ ಮೇಲೆ, ಸಾವಿರಾರು ಜನ ನೋಂದಣಿ ಪತ್ರಗಳನ್ನು ಸುಟ್ಟರು. ಆ ಸಭೆಗೆ ಮೀರ್ ಆಲಂ ಬಂದ. ಹೊಡೆದಿದ್ದು ತಪ್ಪು ಅಂತ ಎಲ್ಲರೆದುರು ಒಪ್ಪಿಕೊಂಡ. ಗಾಂಧೀಜಿ ಅವನ ಕೈ ಹಿಡಿದರು.

ಇಂಥವರು ಮನೆಯಲ್ಲಿ ಹೇಗಿದ್ದರು? ಡರ್ಬನ್‌ನಲ್ಲಿ ಮನೆಯಲ್ಲಿದ್ದ ಒಬ್ಬ ಗುಮಾಸ್ತರ ಮೂತ್ರದ ಮಡಕೆಯನ್ನು ಕಸ್ತೂರಬಾ ಅಳುತ್ತಾ ಎತ್ತಿದರು. ನಗುನಗುತ್ತಾ ಎತ್ತಬೇಕು ಅಂತ ಗಾಂಧೀಜಿ ಸಿಟ್ಟಾದರು. ಕೈ ಹಿಡಿದು ಗೇಟಿನವರೆಗೆ ಎಳೆದೊಯ್ದು ಹೊರಗೆ ತಳ್ಳೋಕೆ ಹೋದರು. ನಾಚಿಕೆ ಇಲ್ವಾ ಅಂತ ಆಕೆ ಕೇಳಿದ ಮೇಲೇ ಅವರಿಗೆ ಬುದ್ಧಿ ಬಂದಿದ್ದು. ಸಮಾನತೆ ಕಲಿಸೋಕೆ ಹೋಗಿ ಹೆಂಡತಿಯ ಮೇಲೇ ದಬ್ಬಾಳಿಕೆ. ಓದುವಾಗ ನಮಗೂ ಸಿಟ್ಟು ಬರುತ್ತೆ. ಆದರೆ ಇದು ನಮಗೆ ಗೊತ್ತಿರೋದು ಅವರೇ ಬರೆದಿದ್ದರಿಂದ. 1925ರಿಂದ ವಾರವಾರವೂ ಆತ್ಮಕಥೆ ಪತ್ರಿಕೆಯಲ್ಲಿ ಬರ್ತಿತ್ತು. 1927ರಲ್ಲಿ ಆರೋಗ್ಯ ಕೆಟ್ಟು ನಮ್ಮ ನಂದಿಬೆಟ್ಟದಲ್ಲಿ ವಿಶ್ರಾಂತಿಗೆ ಬಂದಾಗಲೂ ಆ ಸರಣಿ ನಿಂತಿರಲಿಲ್ಲ. ದೇಶವೆಲ್ಲ ಮಹಾತ್ಮ ಅಂತ ಕರೆಯುತ್ತಿದ್ದ ಹೊತ್ತಿನಲ್ಲೇ, ಗೆರೆಯಿಂದ ದೂರ ಹೋದ ರೀಡಿಂಗ್‌ಗಳನ್ನು ಅವರು ಅಳಿಸದೆ ಬರೆದಿಟ್ಟರು.

1922ರಲ್ಲಿ ಚೌರಿ ಚೌರಾದಲ್ಲಿ ಗುಂಪು ಪೊಲೀಸ್ ಠಾಣೆಗೆ ಬೆಂಕಿ ಇಟ್ಟು ಪೊಲೀಸರನ್ನು ಕೊಂದಾಗ, ಅವರು ಅಸಹಕಾರ ಚಳವಳಿಯನ್ನೇ ನಿಲ್ಲಿಸಿದರು. ಜೈಲಿನಲ್ಲಿದ್ದ ನಾಯಕರಿಗೂ ಅದು ಹಿಡಿಸಲಿಲ್ಲ. ಮಾರ್ಚ್‌ನಲ್ಲಿ ಅಹಮದಾಬಾದ್ ಕೋರ್ಟಿನಲ್ಲಿ ರಾಜದ್ರೋಹದ ಆರೋಪವನ್ನು ಪೂರ್ತಿ ಒಪ್ಪಿಕೊಂಡು 6 ವರ್ಷದ ಶಿಕ್ಷೆ ತಗೊಂಡರು. ಚಳವಳಿ ನಿಲ್ಲಿಸಿದ್ದು ಸರಿಯೋ ತಪ್ಪೋ ಅನ್ನೋ ವಾದ ಇವತ್ತಿಗೂ ಇದೆ, ಹಾಸ್ಟೆಲ್ ರೂಮಿನಲ್ಲೂ ಮಾಡಬಹುದು. ತಪ್ಪನ್ನು ಬೇರೆಯವರ ತಲೆಗೆ ಕಟ್ಟಿದರು ಅಂತ ಮಾತ್ರ ಹೇಳೋಕಾಗಲ್ಲ.

1948ರ ಜನವರಿ 30ರಂದು ಗಾಂಧೀಜಿಯ ಹತ್ಯೆ ಆಯಿತು. ಅವರ ಸತ್ಯದ ಬಗ್ಗೆ ನಾವು ತುಂಬಾ ಕೇಳಿದ್ದೇವೆ. ಆ ಹಲಗೆ ಮಂಚದ ಮೇಲೆ ಮಲಗಿದ್ದ ಅಪ್ಪನ ಬಗ್ಗೆ ಕೇಳಿದ್ದು ಕಡಿಮೆ. ಅವತ್ತು ಆ ಅಪ್ಪ ಕೂಗಾಡಿದ್ದರೆ ಹುಡುಗ ಮುಂದಿನ ಸಲ ಚೀಟಿ ಬರೀತಿದ್ನೋ ಇಲ್ವೋ. ನಿಜ ಹೇಳೋಕೆ ಒಬ್ಬರಿಗೆ ಧೈರ್ಯ ಬೇಕು, ಅದನ್ನು ಕೇಳಿಸಿಕೊಳ್ಳೋಕೆ ಇನ್ನೊಬ್ಬರಿಗೆ ತಾಳ್ಮೆ ಬೇಕು. ನಾಳೆ ಪ್ರಾಜೆಕ್ಟ್ ಡೆಮೊ ಅನ್ನುವಾಗ ಟೀಮಿನವನೊಬ್ಬ ಬಂದು, ನನ್ನ ಭಾಗದ ಕೋಡ್ ಕೆಲಸ ಮಾಡ್ತಿಲ್ಲ ಕಣೋ ಅಂತ ಹೇಳಬಹುದು. ಆಗ ನಾವು ಬೈಯ್ಯೋಕೆ ಮೊದಲು ಒಂದು ನಿಮಿಷ ಸುಮ್ಮನಿರೋಣ. ಆಮೇಲೆ ಲ್ಯಾಪ್‌ಟಾಪ್ ತೆಗೆದು ಅವನ ಪಕ್ಕ ಕೂರೋಣ.