ಸರಪಳಿ ಬಿಚ್ಚಿದ್ದು ಯಾರು?



ಫ್ರಾನ್ಸ್ ದೇಶದ ಪ್ಯಾರಿಸ್ ನಗರದಲ್ಲಿ ಸಾಲ್ಪೆತ್ರಿಯೇರ್ ಎಂಬ ಬಹಳ ಹಳೆಯ ಆಸ್ಪತ್ರೆಯಿದೆ. ಆ ಆಸ್ಪತ್ರೆಯ ಒಂದು ಘಟನೆಯನ್ನು ತೋರಿಸುವ ಪ್ರಸಿದ್ಧ ವರ್ಣಚಿತ್ರವನ್ನು 1876ರಲ್ಲಿ ಟೋನಿ ರಾಬರ್ಟ್-ಫ್ಲೂರಿ ಎಂಬ ಕಲಾವಿದ ರಚಿಸಿದ. ಚಿತ್ರದಲ್ಲಿ ಆಸ್ಪತ್ರೆಯ ಅಂಗಳವಿದೆ. ಒಬ್ಬ ಯುವತಿಯ ಸರಪಳಿಯನ್ನು ಬಿಚ್ಚಲಾಗುತ್ತಿದೆ. ಪಕ್ಕದಲ್ಲಿ ವೈದ್ಯನೊಬ್ಬ ಶಾಂತವಾಗಿ ನಿಂತಿದ್ದಾನೆ. ಇನ್ನೊಬ್ಬ ಹೆಂಗಸು ಅವನ ಕೈಗೆ ಮುತ್ತಿಡುತ್ತಿದ್ದಾಳೆ. ಆ ವೈದ್ಯನೇ ಫಿಲಿಪ್ ಪಿನೆಲ್. ಮನೋರೋಗಿಗಳನ್ನು ಬಂಧನದಿಂದ ಬಿಡಿಸಿದವನೆಂದು ಪ್ರಪಂಚದ ಎಷ್ಟೋ ಪುಸ್ತಕಗಳಲ್ಲಿ ಇವನ ಹೆಸರಿದೆ.

ಈ ಕಥೆಯಲ್ಲಿ ಅರ್ಧ ನಿಜ, ಅರ್ಧ ಬೇರೆ. ಯಾವುದು ನಿಜ ಎಂದು ತಿಳಿಯಲು ನಾವು ಪಿನೆಲ್‌ನ ಬಾಲ್ಯದಿಂದಲೇ ಹೊರಡೋಣ.

ಪಿನೆಲ್ ಹುಟ್ಟಿದ್ದು 1745ರ ಏಪ್ರಿಲ್ 20ರಂದು, ದಕ್ಷಿಣ ಫ್ರಾನ್ಸಿನ ಹಳ್ಳಿಗಾಡಿನಲ್ಲಿ. ತಂದೆ ಶಸ್ತ್ರವೈದ್ಯ. ಆ ಕಾಲದ ಶಸ್ತ್ರವೈದ್ಯ ಎಂದರೆ ಈಗಿನ ಸರ್ಜನ್ ಅಲ್ಲ. ಗಾಯ ಕಟ್ಟುವುದು, ರಕ್ತ ತೆಗೆಯುವುದು, ಕ್ಷೌರ ಮಾಡುವುದು ಎಲ್ಲವೂ ಒಂದೇ ಕಸುಬಿನಲ್ಲಿ ಬರುತ್ತಿತ್ತು. ಪಿನೆಲ್ ಮೊದಲು ಪಾದ್ರಿಯಾಗಲು ಓದಿದ. ಆಮೇಲೆ ಮನಸ್ಸು ಬದಲಿಸಿ 1773ರಲ್ಲಿ ತುಲೂಸ್ ನಗರದಲ್ಲಿ ವೈದ್ಯ ಪದವಿ ಪಡೆದ. 1778ರಲ್ಲಿ ಪ್ಯಾರಿಸ್‌ಗೆ ಬಂದ.

ಅಲ್ಲಿ ಒಂದು ತೊಡಕು ಎದುರಾಯಿತು. ತುಲೂಸ್‌ನ ಪದವಿಗೆ ಪ್ಯಾರಿಸ್‌ನಲ್ಲಿ ಬೆಲೆಯಿರಲಿಲ್ಲ. ವೈದ್ಯನಾಗಿದ್ದೂ ವೈದ್ಯವೃತ್ತಿ ನಡೆಸುವಂತಿಲ್ಲ! ಹೊಟ್ಟೆಪಾಡಿಗಾಗಿ ಪಿನೆಲ್ ಗಣಿತದ ಪಾಠ ಹೇಳಿದ, ವೈದ್ಯ ಪುಸ್ತಕಗಳನ್ನು ಅನುವಾದಿಸಿದ, ಆರೋಗ್ಯ ಪತ್ರಿಕೆಯೊಂದರ ಸಂಪಾದಕನಾಗಿ ದುಡಿದ. ಹೀಗೆಯೇ ಹದಿನೈದು ವರ್ಷ ಕಳೆದುಹೋಯಿತು.

ಈ ನಡುವೆ ಅವನ ಒಬ್ಬ ಗೆಳೆಯ ಮನೋರೋಗಕ್ಕೆ ತುತ್ತಾದ. ಕೊಟ್ಟ ಚಿಕಿತ್ಸೆ ಫಲಿಸಲಿಲ್ಲ. ಆತ ಒಂದು ರಾತ್ರಿ ಮನೆಯಿಂದ ತಪ್ಪಿಸಿಕೊಂಡು ಕಾಡು ಸೇರಿ, ಅಲ್ಲಿಯೇ ಪ್ರಾಣ ಕಳೆದುಕೊಂಡ. ಪಿನೆಲ್ ಇದನ್ನು ಮರೆಯಲಿಲ್ಲ. ಮೈಯ ಕಾಯಿಲೆಯಂತೆ ಮನಸ್ಸಿನ ಕಾಯಿಲೆಯನ್ನೂ ಏಕೆ ಅಭ್ಯಾಸ ಮಾಡಬಾರದು ಎಂದು ಯೋಚಿಸಿದ. ಪ್ಯಾರಿಸ್‌ನ ಒಂದು ಖಾಸಗಿ ಮನೋರೋಗಿಗಳ ಆಲಯಕ್ಕೆ ಕೆಲವು ವರ್ಷ ಹೋಗಿಬಂದು ರೋಗಿಗಳನ್ನು ಗಮನಿಸಿದ.

ಆಗಿನ ಮನೋರೋಗಿಗಳ ಪಾಡು ಹೇಗಿತ್ತು ಗೊತ್ತೆ? ಮೊದಲು ಒಂದು ಆಸ್ಪತ್ರೆಯಲ್ಲಿ ಮತ್ತೆ ಮತ್ತೆ ರಕ್ತ ತೆಗೆಯುತ್ತಿದ್ದರು, ತಣ್ಣೀರಿನಲ್ಲಿ ಮುಳುಗಿಸುತ್ತಿದ್ದರು. ಗುಣವಾಗದಿದ್ದರೆ ಗಂಡಸರನ್ನು ಬಿಸೆತ್ರ್ ಎಂಬಲ್ಲಿಗೂ ಹೆಂಗಸರನ್ನು ಸಾಲ್ಪೆತ್ರಿಯೇರ್‌ಗೂ ಸಾಗಿಸುತ್ತಿದ್ದರು. ಅಲ್ಲಿಗೆ ಬಂದವರಲ್ಲಿ ಹಲವರ ಕೈಕಾಲಿಗೆ ಕಬ್ಬಿಣದ ಸರಪಳಿ ಬೀಳುತ್ತಿತ್ತು.

1789ರಲ್ಲಿ ಫ್ರಾನ್ಸಿನ ಮಹಾಕ್ರಾಂತಿ ಆರಂಭವಾಯಿತು. ಹಳೆಯ ಕಟ್ಟುಪಾಡುಗಳು ಮುರಿದುಬಿದ್ದವು. ಪಿನೆಲ್‌ನ ಅದೃಷ್ಟವೂ ತಿರುಗಿತು. 1793ರಲ್ಲಿ, ನಲವತ್ತೆಂಟನೆಯ ವಯಸ್ಸಿನಲ್ಲಿ, ಅವನು ಬಿಸೆತ್ರ್‌ನ ವೈದ್ಯನಾಗಿ ನೇಮಕಗೊಂಡ.

ಇಲ್ಲಿ ಇನ್ನೊಬ್ಬನ ಪರಿಚಯ ಮಾಡಿಕೊಡಬೇಕು. ಅವನ ಹೆಸರು ಜ್ಯಾಂ-ಬಾಪ್ಟಿಸ್ಟ್ ಪ್ಯೂಸಾಂ. ಮೂಲತಃ ಚರ್ಮ ಹದ ಮಾಡುವವನು. ಕುತ್ತಿಗೆಯ ಗಂಟುಗಳು ಊದುವ ಕ್ಷಯದಂಥ ಕಾಯಿಲೆಯಿಂದ ರೋಗಿಯಾಗಿಯೇ ಬಿಸೆತ್ರ್ ಸೇರಿದ. ಗುಣವಾದ ಮೇಲೂ ಊರಿಗೆ ಹೋಗದೆ ಅಲ್ಲಿಯೇ ಕೆಲಸಕ್ಕೆ ನಿಂತ. ಪಿನೆಲ್ ಬರುವಷ್ಟರಲ್ಲಿ ಸುಮಾರು 200 ಮನೋರೋಗಿಗಳಿದ್ದ ವಿಭಾಗದ ಮೇಲ್ವಿಚಾರಕನಾಗಿದ್ದ. ಹೆಂಡತಿ ಮಾರ್ಗರೀತ್ ಕೂಡ ಅವನೊಂದಿಗೆ ದುಡಿಯುತ್ತಿದ್ದಳು. ರೋಗಿಯ ಮೇಲೆ ಕೈ ಮಾಡಬಾರದು ಎಂಬುದು ಪ್ಯೂಸಾಂನ ಕಟ್ಟಳೆ. ಹೊಡೆದ ಆಳನ್ನು ಕೆಲಸದಿಂದ ತೆಗೆಯುತ್ತಿದ್ದ. ಗುಣಮುಖರಾದ ರೋಗಿಗಳನ್ನೇ ಶುಶ್ರೂಷೆಗೆ ನೇಮಿಸಿಕೊಳ್ಳುತ್ತಿದ್ದ; ನೋವು ಉಂಡವರಿಗೆ ನೋವು ಅರ್ಥವಾಗುತ್ತದಲ್ಲವೆ?

ಪಿನೆಲ್ ದೊಡ್ಡ ವಿದ್ವಾಂಸ, ಪ್ಯೂಸಾಂ ಯಾವ ಪದವಿಯೂ ಇಲ್ಲದವನು. ಆದರೂ ಪಿನೆಲ್ ಅವನ ಹತ್ತಿರ ವಿದ್ಯಾರ್ಥಿಯಂತೆ ಕಲಿತ. ಪಿನೆಲ್‌ನ ಬದುಕಿನಲ್ಲಿ ನನಗೆ ಬಹಳ ಇಷ್ಟವಾಗುವ ಭಾಗ ಇದೇ. ರೋಗಿಗಳ ಬಳಿ ಮತ್ತೆ ಮತ್ತೆ ಹೋಗುವುದು, ಮಾತನಾಡಿಸುವುದು, ಅವರು ಹೇಳಿದ್ದನ್ನು ಕೇಳಿ ಬರೆದಿಟ್ಟುಕೊಳ್ಳುವುದು ಅವನ ದಿನಚರಿಯಾಯಿತು. ಕಾಯಿಲೆ ಯಾವಾಗ ಬಂತು, ಯಾವಾಗ ಹೆಚ್ಚಿತು, ಯಾವುದರಿಂದ ಕಡಿಮೆಯಾಯಿತು ಎಂಬುದೆಲ್ಲ ಅವನ ಬರವಣಿಗೆಯಲ್ಲಿದೆ.

ಆ ದಾಖಲೆಗಳಲ್ಲಿ ಒಬ್ಬ ದರ್ಜಿಯ ವಿಷಯ ಬರುತ್ತದೆ. ಕ್ರಾಂತಿಯ ದಿನಗಳಲ್ಲಿ ಸರ್ಕಾರದ ವಿರುದ್ಧ ಮಾತನಾಡಿದವರ ತಲೆ ಉರುಳುತ್ತಿತ್ತು. ಈ ದರ್ಜಿ ಯಾವುದೋ ಒಂದು ಮಾತು ಆಡಿದ್ದ. ತನ್ನನ್ನೂ ಇಂದೋ ನಾಳೆಯೋ ಕೊಲ್ಲುತ್ತಾರೆ ಎಂಬ ಭಯ ಅವನನ್ನು ಹಿಡಿಯಿತು. ಊಟ, ನಿದ್ರೆ ಎಲ್ಲ ಬಿಟ್ಟ. ಪಿನೆಲ್ ಅವನಿಗೆ ಉಳಿದ ರೋಗಿಗಳ ಬಟ್ಟೆ ಹೊಲಿಯುವ ಕೆಲಸ ಕೊಡಿಸಿದ. ಸ್ವಲ್ಪ ಕಾಲ ಚೇತರಿಸಿಕೊಂಡ. ಮತ್ತೆ ಅದೇ ಭಯ. ಆಗ ಪಿನೆಲ್ ಒಂದು ಉಪಾಯ ಹೂಡಿದ. ಮೂವರು ಯುವ ವೈದ್ಯರು ನ್ಯಾಯಾಧೀಶರ ವೇಷ ಹಾಕಿ ಬಂದರು. ಗಂಭೀರವಾಗಿ ವಿಚಾರಣೆ ನಡೆಸಿ, ದರ್ಜಿ ನಿರಪರಾಧಿ ಎಂದು ತೀರ್ಪು ಕೊಟ್ಟರು. ಅವನ ಭಯ ಇಳಿಯಿತು! ಆದರೆ ಮುಂದೆ ಯಾರೋ ಬಾಯಿ ತಪ್ಪಿ, ಅದೆಲ್ಲ ನಾಟಕವಾಗಿತ್ತು ಎಂದು ಹೇಳಿಬಿಟ್ಟರು. ಕಾಯಿಲೆ ಮರುಕಳಿಸಿತು. ಮತ್ತೆ ಗುಣವಾಗಲಿಲ್ಲ.

ಪಿನೆಲ್ ಈ ಸೋಲನ್ನು ಮುಚ್ಚಿಡಬಹುದಾಗಿತ್ತು. ನೀವು ಪ್ರಯೋಗದ ವಹಿಯಲ್ಲಿ ಉತ್ತರ ಸರಿಬರದಿದ್ದರೆ ಪಕ್ಕದವನ ಅಂಕಿ ನಕಲು ಮಾಡುತ್ತೀರಲ್ಲ, ಹಾಗೆ! ಅವನು ಹಾಗೆ ಮಾಡದೆ 1801ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇದನ್ನೂ ಸೇರಿಸಿದ. ಹಾಗೆ ಬರೆದಿಟ್ಟಿದ್ದರಿಂದಲೇ, ರೋಗಿಗೆ ಸುಳ್ಳು ಹೇಳಿ ಕೊಡುವ ನೆಮ್ಮದಿ ಎಷ್ಟು ದುರ್ಬಲ ಎಂದು ಮುಂದಿನವರು ಅದನ್ನು ಓದಿ ತಿಳಿಯಬಹುದಾಯಿತು.

ಅದೇ ಗ್ರಂಥದಲ್ಲಿ ಇನ್ನೊಂದು ಪ್ರಸಂಗವಿದೆ. ಇದು ಪಿನೆಲ್ ಬರುವುದಕ್ಕೆ ಮೊದಲು, 1792ರಲ್ಲಿ ನಡೆದದ್ದು. ಕ್ರಾಂತಿಕಾರಿಗಳ ಗುಂಪೊಂದು ಆಯುಧ ಹಿಡಿದು ಬಿಸೆತ್ರ್‌ಗೆ ನುಗ್ಗಿತು. ಸರಪಳಿಯಲ್ಲಿದ್ದ ಒಬ್ಬ ರೋಗಿ ಅವರೊಂದಿಗೆ ಬಹಳ ಬುದ್ಧಿವಂತಿಕೆಯಿಂದ, ಒಪ್ಪವಾಗಿ ಮಾತನಾಡಿದ. ಇವನಿಗೆ ಕಾಯಿಲೆಯೇ ಇಲ್ಲ, ಅನ್ಯಾಯವಾಗಿ ಕಟ್ಟಿಹಾಕಿದ್ದಾರೆ ಎಂದು ಗುಂಪು ನಂಬಿತು. ಪ್ಯೂಸಾಂ ಎಷ್ಟು ಹೇಳಿದರೂ ಕೇಳಲಿಲ್ಲ, ಅವನನ್ನೇ ಗದರಿಸಿದರು. ರೋಗಿಯನ್ನು ಬಿಡಿಸಿ ಜಯಘೋಷದೊಂದಿಗೆ ಮೆರವಣಿಗೆ ಮಾಡಿಕೊಂಡು ಹೊರಟರು. ಸುತ್ತಲಿನ ಆಯುಧ, ಗದ್ದಲ ನೋಡಿ ರೋಗಿ ಕೆರಳಿದ. ಪಕ್ಕದವನ ಕತ್ತಿ ಕಸಿದು, ಬಿಡಿಸಿದವರ ಮೇಲೆಯೇ ಬೀಸಿದ! ಅವರೇ ಅವನನ್ನು ಹಿಡಿದು ಬಿಸೆತ್ರ್‌ಗೆ ವಾಪಸು ತಂದು ಬಿಟ್ಟರು.

ಮಾತು ಸರಿಯಾಗಿದೆ, ಲೆಕ್ಕ ತಪ್ಪುವುದಿಲ್ಲ, ನೆನಪೂ ಚೆನ್ನಾಗಿದೆ. ಆದರೆ ಸಿಟ್ಟಿನ ಮೇಲೆ ಹಿಡಿತವಿಲ್ಲ. ಇದು ಯಾವ ಕಾಯಿಲೆ? ಬುದ್ಧಿ ಕೆಟ್ಟರೆ ಮಾತ್ರ ಮನೋರೋಗ ಎಂದು ಆಗ ಎಲ್ಲರೂ ನಂಬಿದ್ದರು, ಪಿನೆಲ್ ಕೂಡ. ಇಂಥವರನ್ನು ನೋಡಿ ಅವನಿಗೆ ಆಶ್ಚರ್ಯವಾಯಿತು. ಕಂಡದ್ದು ನಂಬಿಕೆಗೆ ಹೊಂದದಾಗ ಅವನು ನಂಬಿಕೆಯನ್ನು ಬದಲಿಸಿದ. ಬುದ್ಧಿಭ್ರಮೆ ಇಲ್ಲದ ಉನ್ಮಾದ ಎಂಬ ಹೊಸ ಗುಂಪನ್ನೇ ಮಾಡಿದ.

ಇಂದು ವೈದ್ಯರು ವ್ಯಕ್ತಿತ್ವ ದೋಷಗಳು ಎಂದು ಕರೆಯುವ ತೊಂದರೆಗಳ ಅಧ್ಯಯನಕ್ಕೆ ಇದೂ ಒಂದು ಮೊದಲ ಹೆಜ್ಜೆ ಎನ್ನುತ್ತಾರೆ. ಎರಡೂ ಒಂದೇ ಅಲ್ಲ, ಆದರೆ ಬೇರು ಅಲ್ಲಿದೆ. ತನ್ನ ಭಾವನೆಗಳನ್ನು ನಿಭಾಯಿಸುವುದು, ಇತರರೊಂದಿಗೆ ಹೊಂದಿಕೊಳ್ಳುವುದು ವರ್ಷಗಟ್ಟಲೆ ಕಷ್ಟವಾಗಿ ಬದುಕೇ ಹದಗೆಟ್ಟರೆ ಅದು ಇಂಥ ದೋಷವಿರಬಹುದು. ಹಾಗೆಂದು ಸಿಟ್ಟು ಮಾಡಿಕೊಂಡ ಗೆಳೆಯನಿಗೆ ನೀವು ಈ ಹೆಸರು ಕಟ್ಟಬೇಡಿ! ಅದನ್ನು ನಿರ್ಧರಿಸುವುದು ತಜ್ಞರ ಕೆಲಸ. ಇದಕ್ಕೆ ಮುಖ್ಯ ಚಿಕಿತ್ಸೆ ಗುಳಿಗೆಯಲ್ಲ, ಮನೋಚಿಕಿತ್ಸೆ. ಅಂದರೆ ತರಬೇತಿ ಪಡೆದವರು ಕ್ರಮವಾಗಿ ಮಾತನಾಡಿ, ಹೊಸ ಅಭ್ಯಾಸಗಳನ್ನು ಕಲಿಸುವುದು. ಅದು ಫಲಿಸುತ್ತದೆಯೆ ಎಂದು ನೋಡಲು ಅಮೆರಿಕದ ಮಾರ್ಷಾ ಲಿನೆಹಾನ್ ಎಂಬ ಮನೋವಿಜ್ಞಾನಿ ಇಂಥ ತೊಂದರೆಯಿದ್ದ ಮಹಿಳೆಯರನ್ನು, ಚೀಟಿ ಎತ್ತಿದ ಹಾಗೆ, ಎರಡು ಗುಂಪು ಮಾಡಿದಳು. ಒಂದು ಗುಂಪಿಗೆ ತಾನು ರೂಪಿಸಿದ ಮನೋಚಿಕಿತ್ಸೆ, ಇನ್ನೊಂದಕ್ಕೆ ಎಂದಿನ ಚಿಕಿತ್ಸೆ. 1991ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಮೊದಲ ಗುಂಪಿನವರು ತಮಗೆ ತಾವೇ ಅಪಾಯ ಮಾಡಿಕೊಳ್ಳುವುದು ಹೆಚ್ಚು ಕಡಿಮೆಯಾಗಿತ್ತು.

ಪಿನೆಲ್‌ಗೆ ಹೀಗೆ ಎರಡು ಗುಂಪು ಹೋಲಿಸುವ ವಿಧಾನ ತಿಳಿದಿರಲಿಲ್ಲ. ಆದರೆ ಎಣಿಸುವುದನ್ನು ಬಿಡಲಿಲ್ಲ. 1795ರಲ್ಲಿ ಅವನು ಸಾಲ್ಪೆತ್ರಿಯೇರ್‌ನ ಮುಖ್ಯ ವೈದ್ಯನಾದ. ಅಲ್ಲಿಗೆ ಬಂದ ಸಾವಿರದಷ್ಟು ಮನೋರೋಗಿಗಳಲ್ಲಿ ಎಷ್ಟು ಮಂದಿ ಗುಣವಾದರು, ಯಾವ ಬಗೆಯ ಕಾಯಿಲೆಯವರು ಹೆಚ್ಚು ಗುಣವಾದರು ಎಂದು ಕೋಷ್ಟಕ ಮಾಡಿ, ಸಂಭವನೀಯತೆಯ ಲೆಕ್ಕ ಹಾಕಿ 1807ರಲ್ಲಿ ವಿದ್ವಾಂಸರ ಮುಂದೆ ಮಂಡಿಸಿದ. ಬರೀ ಹೊಗಳಿಕೆ ಬೇಡ ಎಂದು ಒಂದು ಮಾತು ಸೇರಿಸುತ್ತೇನೆ: ಅವನ ಆಸ್ಪತ್ರೆಯಲ್ಲಿ ರೋಗಿಗಳನ್ನು ಬೆದರಿಸುವುದು, ತಲೆಯ ಮೇಲೆ ತಣ್ಣೀರು ಸುರಿಯುವುದು ಪೂರ್ತಿ ನಿಂತಿರಲಿಲ್ಲ.

ಈಗ ಸರಪಳಿಯ ವಿಷಯಕ್ಕೆ ಬರೋಣ. ಪಿನೆಲ್ ಸತ್ತದ್ದು 1826ರಲ್ಲಿ. ಹತ್ತು ವರ್ಷದ ನಂತರ ಅವನ ಮಗ ಸಿಪಿಯೋಂ ಒಂದು ರೋಮಾಂಚಕ ಕಥೆ ಹೇಳಿದ: ತಂದೆ ಬಿಸೆತ್ರ್‌ಗೆ ಬಂದ ಹೊಸತರಲ್ಲೇ, ಅಧಿಕಾರಿಗಳ ವಿರೋಧ ಲೆಕ್ಕಿಸದೆ ಸರಪಳಿ ಕಳಚಿಸಿದರಂತೆ. ಕಲಾವಿದರು ಚಿತ್ರ ಬರೆದರು, ಪುಸ್ತಕಗಳು ನಂಬಿದವು. ಆದರೆ ಇತಿಹಾಸಕಾರರು ಹಳೆಯ ಕಾಗದಗಳನ್ನು ತಿರುವಿ ನೋಡಿದಾಗ ಬೇರೆಯೇ ಕಂಡಿತು. ಬಿಸೆತ್ರ್‌ನಲ್ಲಿ ಸರಪಳಿ ತೆಗೆಸಿದ್ದು 1797ರಲ್ಲಿ. ಆಗ ಪಿನೆಲ್ ಅಲ್ಲಿರಲೇ ಇಲ್ಲ! ತೆಗೆಸಿದವನು ಪ್ಯೂಸಾಂ. ಕೆರಳಿದವರನ್ನು ಹಿಡಿದಿಡಲು ಕಬ್ಬಿಣದ ಬದಲು ಗಟ್ಟಿ ಬಟ್ಟೆಯ ಅಂಗಿಯನ್ನು ಬಳಕೆಗೆ ತಂದ. ಸಾಲ್ಪೆತ್ರಿಯೇರ್‌ನಲ್ಲಿ ಸರಪಳಿ ಹೋದದ್ದು ಅದರ ನಂತರ, ಪಿನೆಲ್‌ನ ಕಾಲದಲ್ಲಿ.

ಈ ಗೌರವವನ್ನು ಪಿನೆಲ್ ತಾನಾಗಿ ಕದ್ದದ್ದಲ್ಲ. 1809ರಲ್ಲಿ ತನ್ನ ಗ್ರಂಥದ ಎರಡನೆಯ ಆವೃತ್ತಿಯಲ್ಲಿ, ಬಿಸೆತ್ರ್‌ನ ಸರಪಳಿ ತೆಗೆಸಿದವನು ಪ್ಯೂಸಾಂ ಎಂದು ಅವನೇ ಬರೆದಿದ್ದಾನೆ. ಅಷ್ಟೇ ಅಲ್ಲ, ತನಗೆ ಅವನೇ ಬೇಕು ಎಂದು ಹಟ ಹಿಡಿದು 1802ರಲ್ಲಿ ಪ್ಯೂಸಾಂ ಮತ್ತು ಅವನ ಹೆಂಡತಿಯನ್ನು ಸಾಲ್ಪೆತ್ರಿಯೇರ್‌ಗೆ ಕರೆಸಿಕೊಂಡ. 1811ರಲ್ಲಿ ಪ್ಯೂಸಾಂ ತೀರಿಕೊಳ್ಳುವವರೆಗೆ ಇಬ್ಬರೂ ಅದೇ ಅಂಗಳದಲ್ಲಿ ಜೊತೆಯಾಗಿ ದುಡಿದರು.