ಮನೋವೈದ್ಯವನ್ನು ಕನ್ನಡದಲ್ಲಿ ಬರೆದ ರಾಶಿ

‘ಕೊರವಂಜಿ’ ಎಂಬ ನಗೆಪತ್ರಿಕೆಯ ಹೆಸರನ್ನು ನಮ್ಮ ಮನೆಗಳ ಹಿರಿಯರು ಕೇಳಿರಬಹುದು. 1942ರಲ್ಲಿ ಅದನ್ನು ಬೆಂಗಳೂರಿನಲ್ಲಿ ಆರಂಭಿಸಿದವರು ‘ರಾಶಿ’ ಎಂಬ ಕಾವ್ಯನಾಮದ ಡಾ. ಎಂ. ಶಿವರಾಂ. 1905ರಲ್ಲಿ ಜನಿಸಿದ ಅವರು ವೃತ್ತಿಯಿಂದ ವೈದ್ಯರು. ಮುಂದೆ ದೇಶವೇ ಬಲ್ಲ ವ್ಯಂಗ್ಯಚಿತ್ರಕಾರರಾದ ಆರ್.ಕೆ. ಲಕ್ಷ್ಮಣ್ ಎಳೆಯ ವಯಸ್ಸಿನಲ್ಲಿ ಈ ಪತ್ರಿಕೆಗೆ ಚಿತ್ರ ಬರೆದಿದ್ದರು. ಇಪ್ಪತ್ತೈದು ವರ್ಷ ನಡೆದ ಪತ್ರಿಕೆ 1967ರಲ್ಲಿ ನಿಂತಿತು.

ರಾಶಿಯವರನ್ನು ನಗೆಗಾರರೆಂದು ನೆನೆಯುವುದು ವಾಡಿಕೆ. ಗಡಿಯಲ್ಲಿರುವ ನಮಗೆ ಅವರ ದೊಡ್ಡ ಕೆಲಸ ‘ಮನಮಂಥನ’. ಮನಸ್ಸಿನ ಕಾಯಿಲೆಗಳನ್ನು ಕುರಿತ ಈ ಕನ್ನಡ ಗ್ರಂಥಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಕಾವ್ಯ, ಕಾದಂಬರಿಗಳೇ ಹೆಚ್ಚಾಗಿ ಪಡೆಯುವ ಗೌರವವದು. ಗಾಳಿ ಸೋಕಿತು, ಮಾಟ ತಗುಲಿತು ಎಂದು ಹಳ್ಳಿಗರು ಹೆದರುತ್ತಿದ್ದ ಸಂಕಟಗಳ ತಿಳಿವಳಿಕೆ ಆಗ ಬಹುಪಾಲು ಇಂಗ್ಲಿಷ್ ಪುಸ್ತಕಗಳಲ್ಲಿಯೇ ಉಳಿದಿತ್ತು. ಅದನ್ನು ಓದುಬರಹ ಬಲ್ಲ ಗೃಹಿಣಿಯ ಕೈಗೂ ಎಟುಕಿಸಿದವರಲ್ಲಿ ರಾಶಿ ಒಬ್ಬರು.

ಹಿಂದೂಪುರ, ಕಲ್ಯಾಣದುರ್ಗಗಳ ಕನ್ನಡ ಮನೆಗಳಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ಸಂತೆಯ ವ್ಯವಹಾರಕ್ಕೆ ನಮ್ಮ ಅಜ್ಜಿಯರ ತೆಲುಗು ಸಾಕು. ಎದೆ ಭಾರ, ಜೀವಕ್ಕೆ ಬೇಸರ ಎಂಬುದನ್ನು ಹೇಳಿಕೊಳ್ಳಲು ಸಾಲದು. ಆಗ ವೈದ್ಯರ ಮುಂದೆ ದುಭಾಷಿಯಾಗುವುದು ಶಾಲೆಗೆ ಹೋಗುವ ಮೊಮ್ಮಗಳು. ಮನೆಯ ಗುಟ್ಟನ್ನು ಮಗುವಿನ ಬಾಯಲ್ಲಿ ಹೇಳಿಸಲು ಯಾವ ಅಜ್ಜಿ ಒಪ್ಪಿಯಾಳು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕನ್ನಡ ನಡೆಯುತ್ತದೆ, ನಿಜ. ಹಿಂದೂಪುರದಿಂದ ಅದು ಸುಮಾರು ನೂರು ಕಿಲೋಮೀಟರ್. ಕಲ್ಯಾಣದುರ್ಗದವರಿಗೆ ಇನ್ನೂ ದೂರ.

ಅಲ್ಪಸಂಖ್ಯಾತರಿಗೆ ಮನೋಚಿಕಿತ್ಸೆ ಸಮನಾಗಿ ದೊರೆಯುವುದಿಲ್ಲವೆಂಬುದು ವಿದ್ವಾಂಸರಿಗೆ ಹೊಸದಲ್ಲ. ಬ್ರಿಟನ್ನಿನಲ್ಲಿ ಕಪ್ಪು ಜನರನ್ನು ಬಲವಂತವಾಗಿ ಮನೋರೋಗದ ಆಸ್ಪತ್ರೆಗೆ ಸೇರಿಸುವ ಪ್ರಮಾಣ ಬಿಳಿಯರಿಗಿಂತ ಹಲವು ಪಟ್ಟು ಹೆಚ್ಚೆಂದು ಅಲ್ಲಿಯ ಅಂಕಿಅಂಶಗಳು ವರ್ಷವರ್ಷವೂ ತೋರಿಸುತ್ತಿವೆ. ಇಂಥ ಅರಿವು ವಿಶ್ವವಿದ್ಯಾಲಯದ ಕಪಾಟು ದಾಟಿ ಬರಲು ರಾಶಿಯವರಂತೆ ಮನೆಮಾತಿನಲ್ಲಿ ಬರೆಯುವವರು ಬೇಕಾಗುತ್ತಾರೆ. ಗಡಿಯ ನಮ್ಮ ಸಂಕಟವನ್ನು ಹಾಗೆ ಬರೆದವರು ನಮ್ಮ ಓದಿಗೆ ಸಿಕ್ಕಿಲ್ಲ.

ರಾಶಿ 1984ರಲ್ಲಿ ತೀರಿಕೊಂಡರು. ಅವರ ಕಾಲದಲ್ಲಿ ಇಲ್ಲದ ಎರಡು ಆಸರೆಗಳು ಈಗ ನಮಗಿವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ, ತನ್ನ ಕಾಯಿಲೆ ಹಾಗೂ ಚಿಕಿತ್ಸೆಯ ವಿವರವನ್ನು ತನಗೆ ಅರ್ಥವಾಗುವ ಭಾಷೆಯಲ್ಲಿ ಪಡೆಯುವುದು ರೋಗಿಯ ಹಕ್ಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಭಾಷೆಯ ಆಯ್ಕೆಯಲ್ಲಿ ಕನ್ನಡವೂ ಇದೆ. ಪೋಷಕರ ಮುಂದಿನ ಸಭೆಯಲ್ಲಿ ಆ ಐದು ಅಂಕಿಗಳನ್ನು ಕರಿಹಲಗೆಯ ಮೇಲೆ ಬರೆಸಿರೆಂದು ಶಿಕ್ಷಕರನ್ನು ಕೋರುತ್ತೇವೆ.